ತೆರೆಯ ಮೇಲೆ ಯಾರೂ ಬೆರಗಾಗದ ಸಂಗತಿ: ಪರದೇಶದ ಸಿನಿಮಾ ನೋಡಿ ಅಲ್ಲಿನ ಬದುಕನ್ನು ಅರಿಯುವ ಬಗೆ

‘ತಿಥಿ’ ಚಿತ್ರದ ಆರಂಭದಲ್ಲಿ ನೂರೊಂದು ವರ್ಷದ ಸೆಂಚುರಿ ಗೌಡರು ಬೀದಿಯ ಬದಿಯಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಬೈಯುತ್ತಾರೆ. ಸ್ವಲ್ಪ ಹೊತ್ತಿಗೆ ತೀರಿಕೊಳ್ಳುತ್ತಾರೆ. ಅಲ್ಲಿಂದ ಹನ್ನೊಂದನೆಯ ದಿನದ ಊಟದವರೆಗೆ ಕಥೆ ಸಾಗುತ್ತದೆ. ರಾಮ್ ರೆಡ್ಡಿಯವರು ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ, ಆ ಸೀಮೆಯ ಜನರಿಂದಲೇ ಅಭಿನಯ ಮಾಡಿಸಿ ತೆಗೆದ ಈ ಚಿತ್ರಕ್ಕೆ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿಗಳು ಬಂದವು. ಅಲ್ಲಿ ಅದನ್ನು ನೋಡಿದವರಿಗೆ ಮುದುಕರ ಸಾವು, ಜಮೀನಿನ ಆಸೆ, ಮೊಮ್ಮಗನ ಪರದಾಟ ಇವೆಲ್ಲ ಅರ್ಥವಾಗಿರುತ್ತವೆ. ಆದರೆ ಸಾಲ ಮಾಡಿಯಾದರೂ ಊರಿಗೆಲ್ಲ ಬಾಡೂಟ ಹಾಕಿಸಲೇಬೇಕು ಎಂಬುದನ್ನು ಚಿತ್ರದೊಳಗೆ ಯಾರೂ ಕುಳಿತು ವಿವರಿಸುವುದಿಲ್ಲ, ಏಕೆಂದರೆ ಅಲ್ಲಿರುವ ಯಾರಿಗೂ ಅದು ವಿವರಿಸಬೇಕಾದ ಸಂಗತಿಯೇ ಅಲ್ಲ.

ಪರದೇಶದ ಚಿತ್ರದ ಮುಂದೆ ಕುಳಿತಾಗ ನಾವು ಲೊಕಾರ್ನೊದ ಆ ಪ್ರೇಕ್ಷಕರ ಜಾಗದಲ್ಲಿರುತ್ತೇವೆ. ಕಥೆ ನಮಗೆ ಸಿಗುತ್ತದೆ, ಕಣ್ಣೀರೂ ಬರುತ್ತದೆ. ಆದರೆ ಆ ಜನ ಯಾವುದನ್ನು ತೀರ ಸಹಜವೆಂದು ಭಾವಿಸಿ ಬಾಯಿಬಿಟ್ಟು ಹೇಳದೆ ಇರುತ್ತಾರೋ ಅದು ನಮ್ಮ ಕಣ್ಣ ಮುಂದೆಯೇ ಹಾದುಹೋಗುತ್ತದೆ. ಹಾಗೆ ಹಾದುಹೋಗುವುದನ್ನು ಹಿಡಿಯುವ ಬಗೆ ಯಾವುದು ಎಂಬುದೇ ಈ ಬರಹದ ವಿಷಯ. ನಾವು ಹತ್ತು ಹನ್ನೆರಡು ಮಂದಿ ತಿಂಗಳಿಗೊಂದು ಭಾನುವಾರ ಬಸವನಗುಡಿಯ ಮನೆಯೊಂದರಲ್ಲಿ ಸೇರಿ ಚಿತ್ರ ನೋಡಿ ಮಾತನಾಡುತ್ತಾ ಬಂದಿದ್ದೇವೆ. ಇಲ್ಲಿ ಹೇಳಿರುವುದರಲ್ಲಿ ಹೆಚ್ಚಿನದು ಆ ಕೂಟದಲ್ಲಿ ಕಲಿತದ್ದು.

ಗುಂಪು ಮತ್ತು ಚಿತ್ರದ ಆಯ್ಕೆ

ಗುಂಪಿನಲ್ಲಿ ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಊರಿನ ಜನ ಇರಲಿ. ಒಂದೇ ಕಚೇರಿಯ, ಒಂದೇ ವಯಸ್ಸಿನ ಹತ್ತು ಮಂದಿ ಒಂದೇ ಸಂಗತಿಯನ್ನು ಕಂಡು ಒಂದೇ ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಬೆಂಗಳೂರಿನಲ್ಲಿ ಈ ವೈವಿಧ್ಯಕ್ಕೆ ಕೊರತೆಯಿಲ್ಲ. ಒಂದೇ ಬೀದಿಯಲ್ಲಿ ಕರಾವಳಿಯವರು, ಕಲಬುರಗಿಯವರು, ಕೊಡಗಿನವರು ಸಿಗುತ್ತಾರೆ. ಹನ್ನೆರಡಕ್ಕಿಂತ ಹೆಚ್ಚು ಜನ ಸೇರಿದರೆ ಇಬ್ಬರು ಮೂವರು ಮಾತ್ರ ಮಾತನಾಡಿ ಉಳಿದವರು ಕೇಳುಗರಾಗಿಬಿಡುತ್ತಾರೆ.

ನಗರದಲ್ಲಿ ಇಂಥ ಚಿತ್ರಗಳು ಸಿಗುವ ಜಾಗಗಳು ಹಲವು. ಬನಶಂಕರಿ ಎರಡನೇ ಹಂತದಲ್ಲಿರುವ ಸುಚಿತ್ರ 1971ರಲ್ಲಿ ಫಿಲ್ಮ್ ಸೊಸೈಟಿಯಾಗಿ ಆರಂಭವಾದದ್ದು. ಬೆಂಗಳೂರಿನ ಎರಡು ಮೂರು ತಲೆಮಾರುಗಳು ಜಗತ್ತಿನ ಸಿನಿಮಾವನ್ನು ಮೊದಲು ಕಂಡದ್ದು ಅದರ ಮೂಲಕ. ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್ ಮತ್ತು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಗಳು ತಮ್ಮ ತಮ್ಮ ಭಾಷೆಯ ಚಿತ್ರಗಳನ್ನು ಆಗಾಗ ತೋರಿಸುತ್ತವೆ. 2006ರಲ್ಲಿ ಆರಂಭವಾದ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವವನ್ನು ಈಗ ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುತ್ತಿದೆ. ಉತ್ಸವದ ಬಗ್ಗೆ ಒಂದು ಮಾತು: ಪಾಸು ಸಿಕ್ಕಿತೆಂದು ದಿನಕ್ಕೆ ನಾಲ್ಕೈದು ಚಿತ್ರ ನೋಡುವವರಿಗೆ ಸಂಜೆಯ ಹೊತ್ತಿಗೆ ಅರ್ಜೆಂಟೀನಾ ಯಾವುದು, ಹಂಗೇರಿ ಯಾವುದು ಎಂಬುದೇ ಕಲಸಿಹೋಗುತ್ತದೆ. ಒಂದು ಚಿತ್ರ ನೋಡಿ, ಎರಡನೆಯದನ್ನು ಬಿಟ್ಟು, ಆ ಎರಡು ಗಂಟೆಯನ್ನು ಕಾಫಿ ಕುಡಿಯುತ್ತಾ ಮೊದಲನೆಯದರ ಮಾತಿಗೆ ಕೊಡುವುದು ಮೇಲು. ಮನೆಯಲ್ಲಿ ಗೆಳೆಯರು ಸೇರಿ ನೋಡುವುದಕ್ಕೂ ಬಡಾವಣೆಯ ಸಭಾಭವನದಲ್ಲಿ ಸಾರ್ವಜನಿಕವಾಗಿ ತೋರಿಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಚಿತ್ರದ ಹಕ್ಕು ಹೊಂದಿದವರ ಅನುಮತಿ ಬೇಕು.

ಮೊದಲ ತಿಂಗಳಿಗೆ ಚಿಕ್ಕ ಚಿತ್ರವನ್ನೇ ಆರಿಸಿಕೊಳ್ಳಿ. ಇರಾನಿನ ಅಬ್ಬಾಸ್ ಕಿಯರೊಸ್ತಾಮಿ 1987ರಲ್ಲಿ ತೆಗೆದ, ‘ಗೆಳೆಯನ ಮನೆ ಎಲ್ಲಿ?’ ಎಂಬ ಅರ್ಥದ ಹೆಸರಿನ ಚಿತ್ರ 83 ನಿಮಿಷದ್ದು. ಪಕ್ಕದಲ್ಲಿ ಕೂರುವ ಗೆಳೆಯನ ನೋಟ್‌ಪುಸ್ತಕವನ್ನು ತಪ್ಪಿ ತಂದುಬಿಟ್ಟ ಹುಡುಗ, ಮರುದಿನ ಮೇಷ್ಟ್ರು ಆ ಗೆಳೆಯನನ್ನು ಶಾಲೆಯಿಂದ ಹೊರಗೆ ಹಾಕುತ್ತಾರೆಂಬ ಭಯದಲ್ಲಿ ಪಕ್ಕದ ಊರಿಗೆ ಓಡುತ್ತಾನೆ, ಕಥೆ ಅಷ್ಟೇ. ಹಾಲು ತುಂಬಿದ ಲೋಟದಷ್ಟು ಜೋಪಾನವಾಗಿ ಆ ಪುಸ್ತಕವನ್ನು ಹಿಡಿದು ಓಡುವ ಅವನನ್ನು ದೊಡ್ಡವರು ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ನಮ್ಮ ಗುಂಪಿನಲ್ಲಿ ಕನ್ನಡ ಶಾಲೆಯಲ್ಲಿ ಓದಿದ ಪ್ರತಿಯೊಬ್ಬರಿಗೂ ಹೇಳಲು ಏನಾದರೊಂದು ಇತ್ತು, ಹಾಗಾಗಿ ಮೊದಲ ದಿನವೇ ಯಾರೂ ಸುಮ್ಮನೆ ಕೂರಲಿಲ್ಲ.

ನೋಡುವ ಮೊದಲು

ಕಾಲು ಗಂಟೆಯ ತಯಾರಿ ಸಾಕು, ಆದರೆ ಅದು ಬೇಕೇ ಬೇಕು. ಚಿತ್ರ ಯಾವ ವರ್ಷದ್ದು, ಅದಕ್ಕೆ ಹತ್ತು ವರ್ಷ ಹಿಂದೆ ಆ ನಾಡಿನಲ್ಲಿ ಏನು ನಡೆದಿತ್ತು, ಕಥೆಯ ಊರು ನಕ್ಷೆಯಲ್ಲಿ ಎಲ್ಲಿದೆ ಎಂಬ ಮೂರನ್ನು ಒಬ್ಬರು ಓದಿಕೊಂಡು ಬಂದು ಹೇಳಲಿ. ಯಸುಜಿರೊ ಓಜು ಅವರ ‘ಟೋಕಿಯೊ ಸ್ಟೋರಿ’ 1953ರ ಚಿತ್ರ. ಒನೊಮಿಚಿ ಎಂಬ ಕಡಲ ದಂಡೆಯ ಊರಿನ ವೃದ್ಧ ದಂಪತಿ ಟೋಕಿಯೊದಲ್ಲಿ ನೆಲೆಸಿದ ಮಕ್ಕಳ ಮನೆಗೆ ಬರುತ್ತಾರೆ, ಮಕ್ಕಳಿಗೆ ಬಿಡುವಿಲ್ಲ, ಯುದ್ಧದಲ್ಲಿ ಸತ್ತ ಮಗನ ಹೆಂಡತಿ ನೊರಿಕೊ ಒಬ್ಬಳೇ ಅವರನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಾಳೆ. ಯುದ್ಧ ಮುಗಿದು ಎಂಟು ವರ್ಷ, ವಿದೇಶೀ ಸೇನೆಯ ಆಡಳಿತ ಮುಗಿದು ಒಂದೇ ವರ್ಷ ಆಗಿತ್ತು ಎಂಬುದು ಗೊತ್ತಿದ್ದರೆ, ಆ ಮನೆಗಳು ಅಷ್ಟು ಇಕ್ಕಟ್ಟಾಗಿರುವುದೂ ಎಲ್ಲರೂ ದುಡಿಮೆಯ ಹಿಂದೆ ಬಿದ್ದಿರುವುದೂ ಬರೀ ಸ್ವಾರ್ಥವಾಗಿ ಕಾಣುವುದಿಲ್ಲ.

ವಿಮರ್ಶೆಗಳನ್ನು ಮಾತ್ರ ಮೊದಲೇ ಓದಬೇಡಿ. ಅವರ ಕಣ್ಣಿನಿಂದ ನೋಡಲು ಆರಂಭಿಸಿದರೆ ನಿಮ್ಮ ಕಣ್ಣು ಕೆಲಸ ನಿಲ್ಲಿಸುತ್ತದೆ.

ಇಂಗ್ಲಿಷ್ ಉಪಶೀರ್ಷಿಕೆಯನ್ನು ಆ ವೇಗದಲ್ಲಿ ಓದಲಾಗದ ಹಿರಿಯರು ಗುಂಪಿನಲ್ಲಿದ್ದರೆ ಅವರನ್ನು ಬಿಡಬೇಡಿ. ಕನ್ನಡದ ಉಪಶೀರ್ಷಿಕೆ ಇಂಥ ಚಿತ್ರಗಳಿಗೆ ಸಿಗುವುದು ಅಪರೂಪ. ಪಕ್ಕದಲ್ಲಿ ಕುಳಿತು ಪಿಸುಮಾತಿನಲ್ಲಿ ಹೇಳುವುದನ್ನು ನಾವು ಮೊದಲು ಮಾಡಿ ನೋಡಿದೆವು. ಕೇಳುವವರಿಗೂ ಉಳಿದವರಿಗೂ ಅದು ಕಿರಿಕಿರಿಯೇ ಆಯಿತು. ಈಗ ಕಥೆಯನ್ನು ಮೊದಲೇ ಕನ್ನಡದಲ್ಲಿ ಪೂರ್ತಿ ಹೇಳಿಬಿಡುತ್ತೇವೆ. ಕಥೆ ಗೊತ್ತಾದರೆ ಸ್ವಾರಸ್ಯ ಹೋಗುತ್ತದೆಂಬ ಅಂಜಿಕೆ ಬೇಡ. ಯಕ್ಷಗಾನಕ್ಕೆ ಹೋಗುವವರಿಗೆ ಪ್ರಸಂಗ ಗೊತ್ತೇ ಇರುತ್ತದೆ, ಆದರೂ ಬೆಳಗಿನವರೆಗೆ ಕೂರುತ್ತಾರೆ. ಮುಂದೇನು ಎಂಬ ಕಾತರ ಇಲ್ಲದವರೇ ವೇಷವನ್ನೂ ಹೆಜ್ಜೆಯನ್ನೂ ಸರಿಯಾಗಿ ನೋಡುವವರು. ನಮ್ಮಲ್ಲಿಯೂ ಕಥೆ ಕೇಳಿಕೊಂಡು ಕೂರುವ ಹಿರಿಯರೇ ಅತಿ ಹೆಚ್ಚು ಸಂಗತಿಗಳನ್ನು ಗಮನಿಸುತ್ತಾರೆ, ಏಕೆಂದರೆ ಅವರ ಕಣ್ಣು ತೆರೆಯ ತಳದ ಅಕ್ಷರಗಳಿಗೆ ಅಂಟಿಕೊಂಡಿರುವುದಿಲ್ಲ.

ಕಿವಿಗೂ ಕೆಲಸ ಕೊಡಿ

ಡಬ್ ಆದ ಪ್ರತಿಯನ್ನು ಆರಿಸಬೇಡಿ. ಮೂಲ ದನಿ ಕೇಳಬೇಕು. ಕಿಯರೊಸ್ತಾಮಿಯ ಆ ಚಿತ್ರದ ಪಾರಸಿ ಹೆಸರು ‘ಖಾನೆ-ಯೆ ದೂಸ್ತ್ ಕೊಜಾಸ್ತ್’. ಕಾರ್ಖಾನೆ, ದವಾಖಾನೆ ಎನ್ನುವ ನಮಗೆ ಖಾನೆ ಹೊಸತಲ್ಲ, ದೋಸ್ತಿ ಎನ್ನುವವರಿಗೆ ದೂಸ್ತ್ ಹೊಸತಲ್ಲ. ಮೂರು ಪದಗಳಲ್ಲಿ ಎರಡು ನಮ್ಮ ಮನೆಯಲ್ಲೇ ಇವೆ. ಕಾಗದ, ಜಮೀನು, ಬಜಾರು, ಖುಷಿ ಇವೂ ಆ ಕಡೆಯಿಂದ ಬಂದವೇ. ಒಂದು ಚಿತ್ರದಲ್ಲಿ ಇಂಥ ನಾಲ್ಕು ಪದ ಕಿವಿಗೆ ಬಿದ್ದರೆ ದೂರದ ನಾಡು ಸ್ವಲ್ಪ ಹತ್ತಿರ ಬರುತ್ತದೆ.

ಕನ್ನಡಿಗರಿಗೆ ಇನ್ನೊಂದು ಅನುಕೂಲವಿದೆ. ನಾವು ನೀನು, ನೀವು ಎಂಬ ಭೇದದಲ್ಲಿ ಬೆಳೆದವರು; ಯಾರು ಯಾರಿಗೆ ಏಕವಚನ ಹಾಕಿದರು ಎಂಬುದರಿಂದಲೇ ನಮಗೆ ಅರ್ಧ ಸಂಬಂಧ ತಿಳಿಯುತ್ತದೆ. ಇಂಗ್ಲಿಷ್ ಉಪಶೀರ್ಷಿಕೆಯಲ್ಲಿ ಈ ಭೇದ ಅಳಿಸಿಹೋಗಿರುತ್ತದೆ. ಫ್ರೆಂಚಿನಲ್ಲಿ ‘ತ್ಯು’ ಮತ್ತು ‘ವೂ’, ಜರ್ಮನ್ನಿನಲ್ಲಿ ‘ದು’ ಮತ್ತು ‘ಜೀ’, ಪಾರಸಿಯಲ್ಲಿ ‘ತೊ’ ಮತ್ತು ‘ಶೊಮಾ’ ಎಂಬ ಜೋಡಿಗಳನ್ನು ಮೊದಲೇ ತಿಳಿದುಕೊಂಡು ಕುಳಿತರೆ, ಒಂದು ಜಗಳದ ನಡುವೆ ಬಹುವಚನ ಏಕವಚನಕ್ಕೆ ಇಳಿದ ಗಳಿಗೆಯನ್ನು ನೀವು ಇಂಗ್ಲಿಷ್ ಓದಿಕೊಂಡು ಕೂತವರಿಗಿಂತ ಮೊದಲೇ ಹಿಡಿಯುತ್ತೀರಿ.

ಉಪಶೀರ್ಷಿಕೆ ಅಳಿಸುವುದು ವಚನವನ್ನಷ್ಟೇ ಅಲ್ಲ. ಬಾಂಗ್ ಜೂನ್-ಹೊ ಅವರ 2019ರ ಕೊರಿಯನ್ ಚಿತ್ರ ‘ಪ್ಯಾರಸೈಟ್’ನಲ್ಲಿ ಶ್ರೀಮಂತ ಗೃಹಿಣಿ ಫೋನ್ ಮಾಡಿ ಒಂದು ತಿಂಡಿ ಮಾಡಿಡಲು ಹೇಳುತ್ತಾಳೆ. ಕೊರಿಯನ್ನಿನಲ್ಲಿ ಅದು ‘ಜ್ಜಪಗುರಿ’. ಅಂಗಡಿಯಲ್ಲಿ ಸಿಗುವ ಎರಡು ಅಗ್ಗದ ನೂಡಲ್ಸ್ ಪೊಟ್ಟಣಗಳನ್ನು ಬೆರೆಸಿ ಮಾಡುವ ತಿಂಡಿ. ಇಂಗ್ಲಿಷ್‌ನಲ್ಲಿ ಅದಕ್ಕೆ ಹೆಸರಿಲ್ಲದ್ದರಿಂದ ಅನುವಾದಕರು ಜಪಾನಿ ನೂಡಲ್ಸಿನ ಹೆಸರುಗಳಾದ ರಾಮೆನ್ ಮತ್ತು ಉಡಾನ್ ಪದಗಳನ್ನು ಕೂಡಿಸಿ ‘ರಾಮ್-ಡಾನ್’ ಎಂದು ಬರೆದರು. ಆ ಅಗ್ಗದ ನೂಡಲ್ಸಿನ ಮೇಲೆ ಅವಳು ದುಬಾರಿ ದನದ ಮಾಂಸ ಹಾಕಿಸುತ್ತಾಳೆ. ಕೊರಿಯದವರಿಗೆ ಆ ಬಟ್ಟಲು ಕಂಡ ಕೂಡಲೇ ಆ ಮನೆಯ ಹಣಕಾಸಿನ ಸ್ಥಿತಿಯೆಲ್ಲ ತಿಳಿಯುತ್ತದೆ. ನಮಗೆ ನೂಡಲ್ಸ್ ಮಾತ್ರ ಕಾಣುತ್ತದೆ. ಊಟದ ದೃಶ್ಯ ಬಂದಾಗಲೆಲ್ಲ ತಟ್ಟೆಯಲ್ಲಿರುವುದು ಏನು, ಅದು ಅಲ್ಲಿ ಬಡವರ ಊಟವೋ ಹಬ್ಬದ ಊಟವೋ ಎಂದು ಬರೆದಿಟ್ಟುಕೊಂಡು ಆಮೇಲೆ ಹುಡುಕಿ ನೋಡಿ.

ರೂಢಿಯೋ, ಆ ವ್ಯಕ್ತಿಯ ಸ್ವಭಾವವೋ

ಪರದೇಶದ ಚಿತ್ರದಿಂದ ಕಲಿಯುವಾಗ ಆಗುವ ದೊಡ್ಡ ತಪ್ಪು ಇದು: ಒಬ್ಬ ಪಾತ್ರ ಮಾಡಿದ್ದನ್ನು ಆ ನಾಡಿನವರೆಲ್ಲ ಮಾಡುವ ರೂಢಿ ಎಂದು ತಿಳಿಯುವುದು. ಇದರಿಂದ ಪಾರಾಗಲು ನಾವು ಕಂಡುಕೊಂಡ ಉಪಾಯವೆಂದರೆ, ಕೆಲಸ ಮಾಡಿದವರನ್ನು ಬಿಟ್ಟು ಅಕ್ಕಪಕ್ಕದವರ ಮುಖ ನೋಡುವುದು. ಅವರು ಬೆರಗಾಗದಿದ್ದರೆ ಅದು ಬಹುಮಟ್ಟಿಗೆ ರೂಢಿ. ಅವರ ಹುಬ್ಬು ಗಂಟಿಕ್ಕಿದರೆ ಅದು ಆ ವ್ಯಕ್ತಿಯ ನಡತೆ.

‘ಟೋಕಿಯೊ ಸ್ಟೋರಿ’ಯಲ್ಲಿ ತಾಯಿಯ ಅಂತ್ಯಕ್ರಿಯೆ ಮುಗಿದು ಎಲ್ಲರೂ ಊಟಕ್ಕೆ ಕುಳಿತಿರುವಾಗ ಹಿರಿಯ ಮಗಳು, ಅಮ್ಮನ ಉಡುಪುಗಳಲ್ಲಿ ಇಂಥಿಂಥದ್ದು ತನಗೆ ನೆನಪಿಗೆ ಬೇಕೆಂದು ಕೇಳುತ್ತಾಳೆ. ನಮ್ಮ ಕೋಣೆಯಲ್ಲಿ ‘ಅಯ್ಯೋ, ಇನ್ನೂ ಊಟವೇ ಮುಗಿದಿಲ್ಲ’ ಎಂಬ ಉದ್ಗಾರ ಬಂತು. ಜಪಾನಿನಲ್ಲಿ ಹೀಗೆಯೇ ಇರಬೇಕು ಎಂದು ಒಬ್ಬರು ತೀರ್ಮಾನಿಸಿಯೂ ಬಿಟ್ಟರು. ದೃಶ್ಯವನ್ನು ಮತ್ತೆ ಹಾಕಿ ನೋಡಿದೆವು. ನೆನಪಿನ ವಸ್ತು ಕೇಳಿದ್ದಕ್ಕೆ ಅಲ್ಲಿ ಯಾರೂ ಚಕಿತರಾಗುವುದಿಲ್ಲ. ಸತ್ತವರ ವಸ್ತುಗಳನ್ನು ಹತ್ತಿರದವರು ಹಂಚಿಕೊಳ್ಳುವುದು ಅಲ್ಲಿ ಇರುವ ಪದ್ಧತಿಯೇ. ಆದರೆ ಕಿರಿಯ ಮಗಳು ಕ್ಯೊಕೊ ಆಮೇಲೆ ನೊರಿಕೊಳ ಹತ್ತಿರ ಅಕ್ಕನ ಸ್ವಾರ್ಥದ ಬಗ್ಗೆ ಸಿಟ್ಟಾಗಿ ಮಾತನಾಡುತ್ತಾಳೆ. ಅಂದರೆ ಕೇಳುವುದು ರೂಢಿ, ಅಷ್ಟು ಬೇಗ ಕೇಳಿದ್ದು ಅಕ್ಕನ ಸ್ವಭಾವ. ಈ ಎರಡನ್ನು ಬೇರ್ಪಡಿಸಿದ ಆ ಹತ್ತು ನಿಮಿಷದಲ್ಲಿ ನಾವು ಜಪಾನಿನ ಬಗ್ಗೆ ಕಲಿತದ್ದು ಒಂದು ಪುಸ್ತಕದ ಅಧ್ಯಾಯದಷ್ಟಿತ್ತು.

ಇರಾನಿನ ಅಸ್ಗರ್ ಫರ್ಹಾದಿಯವರ ‘ಎ ಸೆಪರೇಷನ್’ನಲ್ಲಿ (2011) ಇದರ ಇನ್ನೊಂದು ಬಗೆ ಕಾಣುತ್ತದೆ. ಮರೆವಿನ ಕಾಯಿಲೆಯ ವೃದ್ಧರನ್ನು ನೋಡಿಕೊಳ್ಳಲು ಬಂದ ರಜಿಯೆ, ಅವರು ಬಟ್ಟೆಯಲ್ಲೇ ಮಾಡಿಕೊಂಡಾಗ, ಪರಪುರುಷನ ಬಟ್ಟೆ ಬದಲಿಸಿದರೆ ಪಾಪವೇ ಎಂದು ಕೇಳಲು ಫೋನ್ ಮಾಡುತ್ತಾಳೆ. ಆ ಕಡೆಯವರು ಇಂಥ ಪ್ರಶ್ನೆ ದಿನವೂ ಬರುವುದೆಂಬಂತೆ ಉತ್ತರಿಸುತ್ತಾರೆ. ಪುಟ್ಟ ಮಗಳು ಅಮ್ಮನಿಗೆ, ನಾನು ಅಪ್ಪನಿಗೆ ಹೇಳುವುದಿಲ್ಲ ಎನ್ನುತ್ತಾಳೆ. ಧರ್ಮದ ಸಂದೇಹವನ್ನು ಫೋನಿನಲ್ಲಿ ಕೇಳಿ ಬಗೆಹರಿಸಿಕೊಳ್ಳುವುದು ಅಲ್ಲಿ ಸಹಜ. ಮಗುವಿಗೂ ಗೊತ್ತಿರುವ ಆ ಭಯ ಮಾತ್ರ ಆ ಮನೆಯದು.

ತೆರೆಯ ಹಿಂದಿನ ಕಾನೂನು

ಕಂಡದ್ದೆಲ್ಲ ಬದುಕೂ ಅಲ್ಲ. ಇರಾನಿನಲ್ಲಿ ಸರ್ಕಾರದ ಅನುಮತಿ ಪಡೆದು ತಯಾರಾಗುವ ಚಿತ್ರಗಳಲ್ಲಿ ಹೆಂಗಸರು ಮನೆಯೊಳಗೂ, ಗಂಡನ ಎದುರಿಗೂ ತಲೆವಸ್ತ್ರ ಹಾಕಿಕೊಂಡೇ ಇರುತ್ತಾರೆ. ಗಂಡಹೆಂಡಿರ ಪಾತ್ರದವರು ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಇದು 1979ರ ಕ್ರಾಂತಿಯ ನಂತರ ಬಂದ ಸಿನಿಮಾ ನಿಯಮವೇ ಹೊರತು ಅಲ್ಲಿನ ಮನೆಗಳ ಪದ್ಧತಿಯಲ್ಲ. ಧರ್ಮನಿಷ್ಠ ಮನೆಯಲ್ಲೂ ಹೆಂಡತಿ ಗಂಡನ ಮುಂದೆ ತಲೆ ಮುಚ್ಚಬೇಕಾಗಿಲ್ಲ. ನಮ್ಮ ಚಿತ್ರಗಳಲ್ಲಿ ಪಾತ್ರವೊಂದು ಬೀಡಿ ಹಚ್ಚಿದ ಕೂಡಲೇ ಮೂಲೆಯಲ್ಲಿ ಎಚ್ಚರಿಕೆಯ ಸಾಲು ಮೂಡುವುದನ್ನು ನೆನೆಯಿರಿ. ಅದು ಕಾನೂನಿನಿಂದ ಬಂದದ್ದೆಂದು ಗೊತ್ತಿಲ್ಲದ ಹೊರಗಿನವರು ಏನೆಲ್ಲ ಊಹಿಸಬಹುದು. ಆದ್ದರಿಂದ ಪ್ರತಿ ಚಿತ್ರಕ್ಕೂ ಈ ಪ್ರಶ್ನೆ ಇರಲಿ: ಏನನ್ನು ತೋರಿಸಲು ಇವರಿಗೆ ಅವಕಾಶವಿರಲಿಲ್ಲ?

ಮಾತುಕತೆಯ ಕ್ರಮ

ಚಿತ್ರ ಮುಗಿದ ಕೂಡಲೇ ‘ಹೇಗಿತ್ತು?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಚೆನ್ನಾಗಿತ್ತು, ನಿಧಾನವಾಗಿತ್ತು ಎಂಬ ಎರಡೇ ಉತ್ತರಗಳಿವೆ. ಹತ್ತು ನಿಮಿಷ ಬಿಡುವು ಕೊಟ್ಟು, ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ಕಣ್ಣಿನಿಂದ ಕಂಡ ಒಂದೇ ಒಂದು ಸಂಗತಿಯನ್ನು ಹೇಳಲಿ: ವಸ್ತು, ಕೈಯ ಚಲನೆ, ಬಾಗಿಲು, ಪಾತ್ರೆ, ಏನಾದರೂ ಸರಿ. ಅಭಿಪ್ರಾಯ ಈ ಸುತ್ತಿನಲ್ಲಿ ಬೇಡ. ಹಾಸನದ ಕಡೆಯಿಂದ ಬಂದು ಈಗ ವೈಟ್‌ಫೀಲ್ಡಿನ ಮಗನ ಮನೆಯಲ್ಲಿರುವ ಹಿರಿಯರೊಬ್ಬರು ಓಜು ಚಿತ್ರದ ದಿನ ಹೇಳಿದ್ದು ಇಷ್ಟು: ‘ಅತ್ತೆಮಾವ ಬಂದರು ಅಂತ ಆ ಹುಡುಗಿ ಪಕ್ಕದ ಮನೆಯಿಂದ ಕುಡಿಯೋದನ್ನೂ ಬಟ್ಟಲನ್ನೂ ಕಡ ತಂದಳು. ನಾವು ಸಕ್ಕರೆ ತರ್ತಿದ್ದ ಹಾಗೇ.’ ಆ ಮಾತಿನಿಂದ ಚರ್ಚೆ ನೊರಿಕೊಳ ಬಡತನಕ್ಕೆ, ಅಲ್ಲಿಂದ ಅಕ್ಕಪಕ್ಕದ ಮನೆಗಳ ನಂಟಿಗೆ, ಅಲ್ಲಿಂದ ಮಾವನಿಗೆ ಸೊಸೆಯೇ ‘ಸಾಕೆ’ ಎಂಬ ಅಕ್ಕಿಯ ಮದ್ಯ ಬಡಿಸುವುದು ಅಲ್ಲಿ ಗೌರವದ ಲಕ್ಷಣ ಎಂಬಲ್ಲಿಗೆ ಹೋಯಿತು.

ಎರಡನೆಯ ಸುತ್ತು ಅರ್ಥವಾಗದ್ದಕ್ಕೆ. ಇಲ್ಲಿ ಬರುವ ಪ್ರಶ್ನೆಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆಯಿರಿ. ಮೊಬೈಲ್ ತೆಗೆದು ಅಲ್ಲೇ ಹುಡುಕಲು ಬಿಡಬೇಡಿ, ಉತ್ತರ ಸಿಕ್ಕ ಕ್ಷಣವೇ ಯೋಚನೆ ನಿಂತುಹೋಗುತ್ತದೆ. ನಮ್ಮಲ್ಲಿ ಹೇಗೆ ಎಂಬ ಮಾತು ಮೂರನೆಯ ಸುತ್ತಿಗೆ ಇರಲಿ. ‘ಎಲ್ಲ ನಮ್ಮ ಹಾಗೆಯೇ’ ಎಂದು ಯಾರಾದರೂ ಹೇಳಿದಾಗ, ಹಾಗಿಲ್ಲದ ಒಂದನ್ನು ಹೇಳುವ ಹೊಣೆಯೂ ಅವರದೇ.

ಆ ನಾಡಿನವರೊಬ್ಬರನ್ನು ಕರೆಯಲು ಬೆಂಗಳೂರಿನಲ್ಲಿ ಸಾಧ್ಯವಿದೆ. ಇರಾನಿನ, ಆಫ್ರಿಕಾದ ಹಲವು ದೇಶಗಳ ವಿದ್ಯಾರ್ಥಿಗಳು, ಜಪಾನ್ ಮತ್ತು ಕೊರಿಯದ ಕಂಪನಿಗಳ ಉದ್ಯೋಗಿಗಳು ಇಲ್ಲಿದ್ದಾರೆ. ಕರೆದಾಗ ಅವರನ್ನು ಇಡೀ ದೇಶದ ವಕ್ತಾರರನ್ನಾಗಿ ಕೂರಿಸಬೇಡಿ. ಮಂಗಳೂರಿನವರನ್ನು ಹಿಡಿದು ಕಲಬುರಗಿಯ ಮದುವೆಯ ಬಗ್ಗೆ ಕೇಳಿದರೆ ಅವರಿಗೆ ಎಷ್ಟು ಗೊತ್ತಿರುತ್ತದೋ ಅಷ್ಟೇ ಇವರಿಗೂ. ‘ನಿಮ್ಮ ದೇಶದಲ್ಲಿ ಹೀಗೆಯೇ?’ ಎನ್ನುವ ಬದಲು ‘ನಿಮ್ಮ ಮನೆಯಲ್ಲಿ ಹೇಗಿತ್ತು?’ ಎಂದು ಕೇಳಿ.

ಒಪ್ಪಲಾಗದ್ದು ಎದುರಾದಾಗ

ಸೆನೆಗಲ್‌ನ ಉಸ್ಮಾನ್ ಸೆಂಬೆನ್ ಕಾದಂಬರಿಕಾರರಾಗಿದ್ದವರು. ಓದು ಬಾರದ ತಮ್ಮ ಜನರನ್ನು ತಲುಪಲು ಸಿನಿಮಾಕ್ಕೆ ಬಂದು, ಅದನ್ನು ಸಂಜೆಶಾಲೆ ಎಂದು ಕರೆದರು. ಅವರ ‘ಮೊಲಾಡೆ’ (2004) ಹೆಣ್ಣುಮಕ್ಕಳ ಜನನಾಂಗ ಛೇದನದ ಆಚರಣೆಯ ವಿರುದ್ಧ ನಿಂತ ಹೆಂಗಸೊಬ್ಬಳ ಕಥೆ. ಓಡಿಬಂದ ಹುಡುಗಿಯರಿಗೆ ಆಸರೆ ಕೊಟ್ಟ ಕೊಲ್ಲೆ, ತನ್ನ ಅಂಗಳದ ಬಾಗಿಲಿಗೆ ಅಡ್ಡವಾಗಿ ಬಣ್ಣದ ಹಗ್ಗವೊಂದನ್ನು ಕಟ್ಟುತ್ತಾಳೆ. ದಾಟಿದರೆ ದಾಟಿಬಿಡಬಹುದಾದ, ಮೊಣಕಾಲೆತ್ತರದ ಹಗ್ಗ. ಆದರೆ ಅದು ಆಸರೆಯ ಗುರುತು, ಊರಿನ ಯಾರೂ ಅದನ್ನು ದಾಟುವುದಿಲ್ಲ.

ಇಂಥ ಚಿತ್ರದ ನಂತರ ಮಾತು ಬೇಗನೆ ಖಂಡನೆಗೆ ತಿರುಗುತ್ತದೆ, ಮತ್ತು ಖಂಡನೆ ನ್ಯಾಯವಾದದ್ದೇ. ಆದರೆ ‘ಅವರಲ್ಲಿ ಹೀಗೆ’ ಎಂದು ಮುಗಿಸಿದರೆ ಹಗ್ಗ ಕಟ್ಟಿದವಳೂ ಅವರಲ್ಲೇ ಒಬ್ಬಳು ಎಂಬುದು ಮರೆತುಹೋಗುತ್ತದೆ. ಆಚರಣೆಯೂ ಆ ಊರಿನದು, ಅದನ್ನು ತಡೆದ ಹಗ್ಗವೂ ಆ ಊರಿನ ಹಳೆಯ ನಂಬಿಕೆಯದು. ಚರ್ಚೆಯಲ್ಲಿ ಯಾರು ಯಾರನ್ನು ಯಾವ ಮಾತಿನಿಂದ ಎದುರಿಸಿದರು ಎಂಬುದನ್ನು ಹಿಡಿದು ಮಾತನಾಡಿ. ಒಂದು ನಾಡಿನಿಂದ ಕನಿಷ್ಠ ಮೂರು ಚಿತ್ರ, ಸಾಧ್ಯವಾದರೆ ಒಂದಾದರೂ ನಗೆಯ ಚಿತ್ರ ನೋಡುವವರೆಗೆ ಆ ನಾಡಿನ ಬಗ್ಗೆ ಒಟ್ಟಾರೆ ಮಾತು ಆಡದಿರುವುದು ನಮ್ಮ ಗುಂಪಿನ ನಿಯಮ.

ಕೊನೆಯದಾಗಿ, ವರ್ಷಕ್ಕೊಮ್ಮೆ ಹಳೆಯ ಚಿತ್ರವೊಂದನ್ನು ನೋಟ್‌ಪುಸ್ತಕ ತೆರೆದಿಟ್ಟುಕೊಂಡು ಮತ್ತೆ ನೋಡಿ. ನಮ್ಮ ಪುಸ್ತಕದಲ್ಲಿ ಓಜು ಚಿತ್ರದ ಪುಟದಲ್ಲಿ ಒಂದು ಪ್ರಶ್ನೆ ಉಳಿದುಕೊಂಡಿತ್ತು: ಹೆಂಡತಿ ತೀರಿಕೊಂಡ ಬೆಳಿಗ್ಗೆ ಹೊರಗೆ ನಿಂತಿದ್ದ ಆ ವೃದ್ಧರು, ಕರೆಯಲು ಬಂದ ಸೊಸೆಗೆ, ಸೂರ್ಯೋದಯ ಚೆನ್ನಾಗಿತ್ತು, ಇವತ್ತೂ ಸೆಕೆಯಾಗುತ್ತದೆ ಎಂದದ್ದೇಕೆ? ಮೊದಲ ಸಲ ಒಬ್ಬರು, ಅವರಿಗೆ ದುಃಖವೇ ಆಗಿಲ್ಲ ಎಂದಿದ್ದರು. ಜಪಾನಿನ ಕಂಪನಿಯಲ್ಲಿ ಕೆಲಸ ಮಾಡಿದ್ದವರೊಬ್ಬರು, ಅಲ್ಲಿನವರು ಯಾವ ಮಾತನ್ನೂ ಹವೆಯಿಂದಲೇ ಆರಂಭಿಸುತ್ತಾರೆ ಎಂದು ಅದರ ಕೆಳಗೆ ಬರೆದಿದ್ದರು. ಎರಡನೆಯ ಸಲ ನೋಡಿ ಮುಗಿಸಿದಾಗ ಹಾಸನದ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮಮ್ಮ ಹೋದ ದಿನ ಬೆಳಿಗ್ಗೆ ನಮ್ಮಪ್ಪ ಕೊಟ್ಟಿಗೆ ಬಾಗಿಲಲ್ಲಿ ನಿಂತು, ಹಸುಗೆ ಹುಲ್ಲು ಹಾಕಿದ್ರಾ ಅಂತ ಕೇಳಿದ್ರು’ ಎಂದರು. ಅದನ್ನೂ ಅದೇ ಪುಟದಲ್ಲಿ ಬರೆದುಕೊಂಡೆವು.